ಹೊಳೆ ಮೀನು, ಕಡಲ ಮೀನು, ನಡುವೆ ನಾನು

ಅಡುಗೆ ಮಾಡಿದವರು ಬಡಿಸಿ, ಎದುರಿಗೆ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತ "ಹೆಂಗಾಗ್ಯದ?" ಎಂದು ಕೇಳುತ್ತಾರಲ್ಲ, ಅದನ್ನು ಬಹಳ ಗಂಡಸರು ಪ್ರಶ್ನೆ ಎಂದು ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ಪ್ರಶ್ನೆ ಅಂದಮೇಲೆ ಉತ್ತರ ಕೊಡಬೇಕಲ್ಲ ಎಂದು ತುತ್ತು ನುಂಗಿ, ಯೋಚನೆ ಮಾಡಿ, "ಹುಳಿ ಒಂಚೂರು..." ಎಂದು ಬಾಯಿ ತೆರೆದವರ ಗತಿ ಏನಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಸಂಸಾರಸ್ಥರಿಗೆ ಗೊತ್ತಿರುತ್ತದೆ, ಉಳಿದವರಿಗೆ ಸದ್ಯದಲ್ಲೇ ಗೊತ್ತಾಗುತ್ತದೆ. ಈ ವಿಷಯದಲ್ಲಿ ನನಗೆ ಹುಟ್ಟಿನಿಂದ ಇನ್ನೊಂದು ಕೊರತೆಯೂ ಇದೆ. ನನ್ನ ನಾಲಗೆ ಬಹಳ ಉದಾರಿ. ಹಾಕಿದ್ದನ್ನೆಲ್ಲ ಒಪ್ಪಿಕೊಳ್ಳುತ್ತದೆ. ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ಓದುವಾಗ ಅಲ್ಲಿನ ಸಾರನ್ನು ಮತ್ತೊಮ್ಮೆ ಹಾಕಿಸಿಕೊಳ್ಳುತ್ತಿದ್ದವನು ನಾನೊಬ್ಬನೇ. ಅಡುಗೆಯವನಿಗೇ ನನ್ನ ಮೇಲೆ ಅನುಮಾನವಿತ್ತು. ಇಂಥ ನಾಲಗೆಯವನನ್ನು ಇಬ್ಬರು ಪಳಗಿದ ಅಡುಗೆಗಾರ್ತಿಯರ ನಡುವೆ ನ್ಯಾಯ ಹೇಳಲು ಕೂರಿಸಬಾರದು. ಆದರೆ ಕೂರಿಸಿದರು.

ನಮ್ಮದು ಶಹಾಪುರ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ನಾನೂ ಹೆಂಡತಿ ಶೈಲಾಳೂ ಹುಬ್ಬಳ್ಳಿಯಲ್ಲಿ ಔಷಧಿ ಶಾಸ್ತ್ರ ಓದುವಾಗ ಪರಿಚಯವಾದವರು. ಅವಳು ಅಂಕೋಲೆಯ ಕಡೆಯವಳು, ಕಡಲ ದಂಡೆಯಲ್ಲಿ ಬೆಳೆದವಳು. ನನ್ನ ಅವ್ವ ತಿಂಥಣಿಯ ಹತ್ತಿರ ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವಳು, ಮೀನು ಹಿಡಿಯುವವರ ಮನೆಯ ಮಗಳು. ಎರಡೂ ಕಡೆ ಮೀನು ತಿನ್ನುವವರೇ ಆದ್ದರಿಂದ ಮದುವೆಯ ಮಾತುಕತೆ ಸಲೀಸಾಗಿ ಮುಗಿಯಿತು. ಊಟದ ವಿಷಯದಲ್ಲಿ ತಕರಾರೇ ಬರುವುದಿಲ್ಲ ಎಂದು ಹಿರಿಯರು ಸಂತೋಷಪಟ್ಟರು. ಹೊಳೆಯ ಮೀನು ತಿನ್ನುವವರಿಗೂ ಕಡಲ ಮೀನು ತಿನ್ನುವವರಿಗೂ ಇರುವಷ್ಟು ದೂರ ಮೀನು ತಿನ್ನುವವರಿಗೂ ತಿನ್ನದವರಿಗೂ ಇರುವುದಿಲ್ಲ ಎಂಬ ಸಂಗತಿ ಆಗ ಯಾರ ತಲೆಗೂ ಹೊಳೆಯಲಿಲ್ಲ.

ಶೈಲಾ ಬಸುರಿಯಾದಳು. ಮೊದಲ ತಿಂಗಳುಗಳಲ್ಲಿ ಎಲ್ಲರಿಗೂ ಆಗುವ ವಾಂತಿ, ಸಂಕಟ ಅವಳಿಗೂ ಆಯಿತು. ಆದರೆ ಎಲ್ಲರಿಗೂ ನಿಲ್ಲುವ ಹೊತ್ತಿಗೆ ಅವಳಿಗೆ ಪೂರ್ತಿ ನಿಲ್ಲಲಿಲ್ಲ. ವಾಂತಿ ಹೋಗಿ ಊಟದ ಮೇಲಿನ ಬೇಸರ ಉಳಿಯಿತು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ಕೈ ನಿಲ್ಲುತ್ತಿತ್ತು. ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಅನ್ನ ನೋಡಿದರೆ ಆಗುವುದಿಲ್ಲ. ನಾನು ಅಂಗಡಿಯಲ್ಲಿದ್ದ ಹಸಿವೆ ಹೆಚ್ಚಿಸುವ ಔಷಧಿಗಳ ಹೆಸರನ್ನೆಲ್ಲ ಅವಳ ಮುಂದೆ ಹೇಳಿದೆ. ನಾನು ಓದಿದ್ದನ್ನೇ ಓದಿದ ಅವಳು ನನಗಿಂತ ಹೆಚ್ಚು ಅಂಕ ಪಡೆದಿದ್ದವಳು. ಒಂದೊಂದಕ್ಕೂ ಬಸುರಿಯರು ಯಾಕೆ ಅದನ್ನು ತಗೊಳ್ಳಬಾರದು ಎಂದು ಹೇಳಿ ಮಗ್ಗುಲಾದಳು. ತಪಾಸಣೆ ಮಾಡಿದ ಡಾಕ್ಟರಮ್ಮ ಮುಖ ಗಂಟು ಹಾಕಿ, "ತೂಕ ಏರಾಕತ್ತಿಲ್ಲ. ಕೂಸಿಗಾದರೂ ತಿನ್ನಬೇಕವ್ವಾ" ಎಂದರು. ಅವತ್ತು ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತ ಶೈಲಾ ಸದ್ದಿಲ್ಲದೆ ಅತ್ತಳು. ನನ್ನ ಅಂಗಿಯ ಬೆನ್ನು ಒದ್ದೆಯಾಯಿತು. ಬೆವರಿರಬೇಕು ಎಂದುಕೊಳ್ಳಲು ನೋಡಿದೆ. ಆಗಲಿಲ್ಲ.

ಸುದ್ದಿ ಅಂಕೋಲೆಗೆ ಮುಟ್ಟಿತು. ಮರುದಿನವೇ ಅತ್ತೆಯವರು ಬಸ್ಸು ಹತ್ತಿದರು. ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವರ ಜೊತೆ ಒಂದು ಚೀಲ ಬಟ್ಟೆ, ಒಂದು ಮೂಟೆ ತೆಂಗಿನಕಾಯಿ, ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆ ಇದ್ದವು. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಿನ ಕಂಡಕ್ಟರ್ ಅದನ್ನು ಇಳಿಸಿ ಕೊಟ್ಟ ರೀತಿಯಲ್ಲೇ ಇಡೀ ಪ್ರಯಾಣದ ಕಥೆ ಗೊತ್ತಾಗುತ್ತಿತ್ತು. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ವಿಷಯಕ್ಕೆ ಬಂದರು.

"ಅಳಿಯಂದಿರೇ, ಎರಡು ದಿನ ಇದ್ದು ಹುಡುಗಿಯನ್ನ ಕರ್ಕಂಡು ಹೋಗ್ತೆ. ಸಮುದ್ರದ ಗಾಳಿ ಬಿದ್ರೆ, ಬಂಗಡೆ ಸಾರು ಹೊಟ್ಟೆಗೆ ಹೋದ್ರೆ ಎಲ್ಲಾ ಸರಿ ಆಗ್ತದೆ."

ಅವ್ವ ಬಾಗಿಲಲ್ಲಿ ನಿಂತಿದ್ದಳು. ಮಗುವಿನ ತಾಯಿಯಾಗಲಿರುವವಳಿಗೆ ಗಂಡನ ಮನೆಯಲ್ಲಿ ಊಟ ಇಳಿಯಲಿಲ್ಲ, ಅದಕ್ಕೇ ತವರಿನವರು ಕುಬಸಕ್ಕೂ, ಅಂದರೆ ಸೀಮಂತಕ್ಕೂ, ಕಾಯದೆ ಕರೆದುಕೊಂಡು ಹೋದರು ಎಂದು ಓಣಿಯ ತುಂಬ ಮಾತಾಗುವುದು ಅವಳಿಗೆ ಆಗಲೇ ಕೇಳಿಸಿತೆಂದು ತೋರುತ್ತದೆ. ಆದರೆ ಬಂದ ಬೀಗತಿಗೆ ಬಾಗಿಲಲ್ಲೇ ಏನನ್ನಲಾದೀತು? ತೆಂಗಿನಕಾಯಿಯ ಮೂಟೆಯನ್ನು ನೋಡಿ ಕೇಳಿದಳು: "ಇಷ್ಟ್ಯಾಕ್ರಿ ಕಾಯಿ? ಯಾವ ದೇವರಿಗೆ ಹರಕಿ ಹೊತ್ತೀರಿ?"

"ದೇವರಿಗಲ್ಲ, ಸಾರಿಗೆ. ದಿನಕ್ಕೊಂದು ಕಾಯಿ ಬೇಕಲ್ದಾ?"

"ದಿನಾ ಕಾಯಿ ಒಡಿಯಾಕ ಇದು ಮನಿಯೋ ಗುಡಿಯೋ?" ಎಂದು ಅವ್ವ ನನ್ನ ಕಡೆ ನೋಡಿ ಕೇಳಿದಳು. ನಾನು ನಕ್ಕೆ. ಅತ್ತೆಯವರು ನನ್ನನ್ನು ನೋಡಿದರು. ನಾನು ನಗು ನಿಲ್ಲಿಸಿದೆ. ಮುಂದಿನ ದಿನಗಳ ನನ್ನ ಪಾಡು ಪೂರ್ತಿ ಅಷ್ಟರಲ್ಲೇ ಅಡಕವಾಗಿತ್ತು.

ಮೊದಲ ಸರದಿ ಅತ್ತೆಯವರದು. ಬಂಗಡೆ, ಕಾಯಿ, ಒಣಮೆಣಸು, ಕೊನೆಗೆ ಜಜ್ಜಿದ ಜುಮ್ಮನಕಾಯಿ ಎಂಬ ಅವರ ಕಡೆಯ ಘಮಘಮಿಸುವ ಕಾಡುಕಾಯಿ. ಮನೆಯಲ್ಲಿ ಎಂದೂ ಇಲ್ಲದ ಪರಿಮಳ ಎದ್ದಿತು. ಅವ್ವ ಪಡಸಾಲೆಯಲ್ಲಿ ಕೂತು ಮುಖವನ್ನು ಬೇರೆ ಕಡೆ ತಿರುಗಿಸಿದ್ದಳು, ಆದರೆ ಮೂಗು ಮಾತ್ರ ತಾನಾಗಿ ಅಡುಗೆಮನೆಯ ಕಡೆ ತಿರುಗುತ್ತಿದ್ದುದನ್ನು ನಾನು ಕಂಡೆ. ಶೈಲಾ ತವರಿನ ಸಾರೆಂದು ಆಸೆಯಿಂದ ಕೂತಳು. ಮೂರು ತುತ್ತು ತಿಂದಳು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ ತಟ್ಟೆಗೆ ಹಾಕಿದಳು. "ಚಲೋ ಅದೆ ಅಮ್ಮಾ, ನಂಗೇ ಆಗ್ತಾ ಇಲ್ಲ" ಎಂದಳು. ಅತ್ತೆಯವರ ಮುಖ ಇಳಿಯಿತು. ಅವರು ತಕ್ಷಣ ನನ್ನತ್ತ ತಿರುಗಿದರು. "ನಿಮಗೆ ಹೇಗಾಗದೆ?"

"ಬಹಳ ಚೆನ್ನಾಗಿದೆ ಅತ್ತೇ" ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ನನ್ನ ಬಾಯಿಂದ ಬಂದ ಆ "ಬಹಳ" ಎಂಬ ಮಾತು ಗೋಡೆ ದಾಟಿ ಪಡಸಾಲೆಗೆ ಹೋಯಿತು.

ಮರುದಿನ ಬೆಳಗ್ಗೆ ಅವ್ವ ತಾನೇ ಚೀಲ ಹಿಡಿದು ಸಂತೆಯ ಕಡೆ ನಡೆದಳು. ಮೀನು ಮಾರುವ ಖಾಜಾಬಿಯಿಂದ ಹೊಳೆಯ ರವು ಮೀನು ತಂದಳು. "ಸುಬೂ ಸುಬೂ, ನಸುಕಿನಾಗ ಹೊಳಿಯಿಂದ ಬಂದದ ಅಮ್ಮಾ, ಕಣ್ಣ ನೋಡು, ಇನ್ನಾ ನಿನ್ನೇ ನೋಡಾಕತ್ತದ" ಎಂದು ಖಾಜಾಬಿ ಹೇಳಿದ ಮಾತನ್ನೂ ಮೀನಿನ ಜೊತೆ ಮನೆಗೆ ತಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮಂಜುಗಡ್ಡೆಯಲ್ಲಿ ಮಲಗಿ ಬಂದ ಮೀನಿಗೆ ಕಣ್ಣೆಲ್ಲಿಂದ ಬರಬೇಕು ಎಂಬುದು ಅದರ ಒಳಾರ್ಥ. ಹುರಿದ ಶೇಂಗಾ, ಎಳ್ಳು, ಹುಣಸೆಹಣ್ಣು, ಬೆಳ್ಳುಳ್ಳಿ ಅರೆದು ಕೆಂಪಗೆ ಸಾರು ಮಾಡಿದಳು. ಅತ್ತೆಯವರು ಬಗ್ಗಿ ನೋಡಿ, "ಮೀನಿಗೆ ಶೇಂಗಾ ಹಾಕ್ತಾರಾ? ನಾಳೆ ಬೆಲ್ಲನೂ ಹಾಕಿ ಉಂಡೆ ಕಟ್ತಾರೇನೋ" ಎಂದು ಮಗಳ ಕಿವಿಯಲ್ಲಿ ಹೇಳಿದರು. ಕಡಲಿನ ಸದ್ದಿನ ಮುಂದೆ ಮಾತಾಡಿ ರೂಢಿಯಾದವರ ಪಿಸುಮಾತು ಅದು. ಪಕ್ಕದ ಮನೆಗೂ ಕೇಳಿಸಿತು.

ಶೈಲಾ ಅದನ್ನೂ ಮೂರು ತುತ್ತೇ ತಿಂದಳು. ಅತ್ತೆಯವರು ಒಂದು ತುಂಡು ಬಾಯಿಗೆ ಹಾಕಿ, ಮುಳ್ಳು ತೆಗೆಯುತ್ತ ಕೂತವರು ನಾವೆಲ್ಲ ಕೈ ತೊಳೆದ ಮೇಲೂ ತೆಗೆಯುತ್ತಲೇ ಇದ್ದರು. "ಇದು ಮೀನೋ, ಬಾಚಣಿಗೆಯೋ?" ಎಂದರು. ಅವ್ವ ನನ್ನ ತಟ್ಟೆಯ ಮುಂದೆ ನಿಂತಳು. "ಹೆಂಗಾಗ್ಯದ?"

ನಾನು ಜಾಣತನ ಮಾಡಿದೆ. "ಎರಡೂ ಚೆನ್ನಾಗಿವೆ" ಎಂದೆ.

ಇದಕ್ಕಿಂತ ಕೆಟ್ಟ ಉತ್ತರ ಇರಲಾರದು ಎಂದು ಕೂಡಲೇ ತಿಳಿಯಿತು. "ಎರಡೂ ಅಂದ್ರ? ನಾ ಮಾಡಿದ್ದು ಒಂದs" ಎಂದು ಅವ್ವ ತಟ್ಟೆ ಎತ್ತಿಕೊಂಡು ಹೋದಳು. ಇನ್ನೂ ಒಂದು ರೊಟ್ಟಿ ತಿನ್ನುವವನಿದ್ದೆ. ಕೇಳಲಿಲ್ಲ.

ಅಲ್ಲಿಂದ ಇಬ್ಬರೂ ನೇರವಾಗಿ ಮಾತಾಡುವುದನ್ನು ಬಿಟ್ಟರು. ಒಂದೇ ಅಡುಗೆಮನೆಯಲ್ಲಿ ನಿಂತು, "ಕೊತ್ತಂಬ್ರಿ ಮುಗದದ ಅಂತ ನಿಮ್ಮತ್ತಿಗೆ ಹೇಳು" ಎಂದು ಅವ್ವನೂ, "ಗ್ಯಾಸು ಸಣ್ಣ ಮಾಡ್ಲಿಕ್ಕೆ ನಿಮ್ಮಮ್ಮಂಗೆ ಹೇಳಿ" ಎಂದು ಅತ್ತೆಯವರೂ ನನಗೆ ಹೇಳುತ್ತಿದ್ದರು. ನಾನು ನಡುವೆ ನಿಂತು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೆ. ಎರಡು ದಿನಕ್ಕೆಂದು ಬಂದ ಅತ್ತೆಯವರು ಸೋಲೊಪ್ಪಿ ಹೋಗುವ ಹಾಗಿರಲಿಲ್ಲ, ಅವ್ವ ಗೆಲ್ಲದೆ ಸೊಸೆಯನ್ನು ಕಳಿಸುವ ಹಾಗಿರಲಿಲ್ಲ. ಈ ನಡುವೆ ಒಂದು ದಿನ ಕರೆಂಟು ಹೋಗಿ ಮನೆಯ ಫ್ರಿಜ್ಜು ಬೆಚ್ಚಗಾಯಿತು. ಶಹಾಪುರದ ಬೇಸಿಗೆಯಲ್ಲಿ ಮೀನಿಗೆ ಅರ್ಧ ದಿನವೂ ಆಯುಷ್ಯವಿಲ್ಲ. "ನಿಮ್ಮ ಅಂಗಡಿಯಲ್ಲಿ ಫ್ರಿಜ್ಜು ಅದೆ ಅಲ್ದಾ, ಬ್ಯಾಟರಿದು?" ಎಂದರು ಅತ್ತೆ. ಅದರಲ್ಲಿ ಇನ್ಸುಲಿನ್ ಇರುತ್ತದೆ, ಬಂಗಡೆ ಇಡಲು ಕಾನೂನು ಒಪ್ಪುವುದಿಲ್ಲ ಎಂದು ವಿನಯದಿಂದ ಹೇಳಿದೆ. ಕಡೆಗೆ ಒಪ್ಪಂದವಾಗಿ, ಹೊಸ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಅಂಗಡಿಯ ಫ್ಯಾನಿನ ಕೆಳಗೆ ಒಂದು ಮೂಲೆಯಲ್ಲಿ ಕೂತಿತು. ಬಂದ ಗಿರಾಕಿಗಳು ಮೂಗು ಅರಳಿಸಿ ಸುತ್ತ ನೋಡುತ್ತಿದ್ದರು. ಒಬ್ಬ ಅಜ್ಜ ಮಾತ್ರ ಸಂತೋಷದಿಂದ, "ಮೀನಿನೆಣ್ಣಿ ಗುಳಿಗಿ ತಾಜಾ ಬಂದಂಗದಾವಲ್ರಿ, ನನಗೊಂದು ಡಬ್ಬಿ ಕೊಡ್ರಿ" ಎಂದ. ಕೊಟ್ಟೆ. ವ್ಯಾಪಾರವನ್ನು ಯಾಕೆ ಬಿಡಲಿ?

ನಗುವ ಮಾತು ಹೀಗಿದ್ದರೂ ಶೈಲಾಳ ತಟ್ಟೆ ಮಾತ್ರ ಹಾಗೇ ಉಳಿಯುತ್ತಿತ್ತು. ಅವಳ ಕೆನ್ನೆಯ ಎಲುಬು ಕಾಣುತ್ತಿತ್ತು. ಇಬ್ಬರು ತಾಯಂದಿರೂ ಬೇರೆ ಬೇರೆ ಹೊತ್ತಿನಲ್ಲಿ ನನ್ನನ್ನು ಮೂಲೆಗೆ ಕರೆದು ಒಂದೇ ಮಾತು ಕೇಳಿದರು: "ಕೂಸಿಗೇನೂ ಆಗೂದಿಲ್ಲಲ್ಲ?" ಇಲ್ಲ ಎಂದೆ. ಅಂಗಡಿಯಲ್ಲಿ ದಿನಾ ಜನರಿಗೆ ಧೈರ್ಯ ಹೇಳಿ ಅಭ್ಯಾಸವಾದ ಧ್ವನಿ ಅದು. ನನಗೇ ಅದು ಸಾಲಲಿಲ್ಲ.

ಡಾಕ್ಟರಮ್ಮ ಸಂಜೆ ಒಂದಿಷ್ಟು ನಡೆಯಲು ಹೇಳಿದ್ದರು. ಬಿಸಿಲು ಇಳಿದ ಮೇಲೆ ಸುರಪುರದ ರಸ್ತೆಯಲ್ಲಿ ನಮ್ಮ ಮೆರವಣಿಗೆ ಹೊರಡುತ್ತಿತ್ತು. ನಡುವೆ ಶೈಲಾ, ಎಡಕ್ಕೆ ಅವ್ವ, ಬಲಕ್ಕೆ ಅತ್ತೆ, ಹಿಂದೆ ನೀರಿನ ಬಾಟಲಿ ತೂಗುಹಾಕಿದ ಸ್ಕೂಟರನ್ನು ತಳ್ಳುತ್ತ ನಾನು. ಆಗಷ್ಟೇ ಯುಗಾದಿ ಮುಗಿದಿತ್ತು. ರಸ್ತೆಯ ಬದಿಯ ಹುಣಸೆಮರಗಳು ಹಳೆ ಎಲೆ ಉದುರಿಸಿ ಎಳೆ ಚಿಗುರು ಬಿಟ್ಟಿದ್ದವು, ಸಂಜೆಯ ಬೆಳಕಿನಲ್ಲಿ ಅವು ತಾಮ್ರದ ಬಣ್ಣಕ್ಕೆ ಹೊಳೆಯುತ್ತಿದ್ದವು. ಶೈಲಾ ನಡೆಯುತ್ತ ನಡೆಯುತ್ತ ತಲೆಗೆ ತಾಗಿದ ಒಂದು ಟೊಂಗೆಯಿಂದ ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು. ನಿಂತಳು. ಮತ್ತೊಂದು ಕಿತ್ತಳು. ಆಮೇಲೆ ಟೊಂಗೆಯನ್ನೇ ಎಡಗೈಯಲ್ಲಿ ಬಗ್ಗಿಸಿ ಹಿಡಿದು ಬಲಗೈಯಿಂದ ಸವರಿ ಸವರಿ ತಿನ್ನತೊಡಗಿದಳು.

"ಎಂತ ತಿಂತಾ ಇದ್ದಿ ಮಗಾ?" ಅತ್ತೆಯವರು ಗಾಬರಿಯಾದರು.

"ಚಿಗುರ್ರೀ! ಹುಣಸಿ ಚಿಗುರು ತಿನ್ನಾಕತ್ಯಾಳ್ರೀ!" ಎಂದು ಅವ್ವ ಅತ್ತೆಯವರ ಕೈಯನ್ನೇ ಹಿಡಿದುಬಿಟ್ಟಳು. ಎಷ್ಟೋ ದಿನಗಳ ಮೇಲೆ ನನ್ನ ಮಧ್ಯಸ್ಥಿಕೆಯಿಲ್ಲದೆ ಆಡಿದ ಮೊದಲ ಮಾತದು.

ಕೈಗೆ ಎಟುಕುವ ಚಿಗುರು ಮುಗಿಯಿತು. ಮೂವರೂ ಮೇಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸಣ್ಣವನಿದ್ದಾಗಲೂ ಮರ ಹತ್ತಿದವನಲ್ಲ. ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಅತ್ತೆ ಅದರ ಹ್ಯಾಂಡಲ್ ಹಿಡಿದು, ಅವ್ವ ನನ್ನ ಕಾಲು ಹಿಡಿದು, ನಾನು ಸೀಟಿನ ಮೇಲೆ ನಿಂತು ಟೊಂಗೆಗೆ ಕೈ ಹಾಕಿದೆ. ಅದೇ ಹೊತ್ತಿಗೆ ಕಡೇಚೂರಿನ ಕಾರ್ಖಾನೆಯಿಂದ ಕೆಲಸ ಮುಗಿಸಿ ಬರುವವರ ಬಸ್ಸು ಆ ದಾರಿಯಲ್ಲಿ ಬರಬೇಕೆ? ಕಿಟಕಿಯಿಂದ ನನ್ನ ಕಾಯಂ ಗಿರಾಕಿಯೊಬ್ಬ ಕೂಗಿದ: "ಏನ್ರಿ ಮೆಡಿಕಲ್ ಸಾವಕಾರ್ರs, ಗಿಡಮೂಲಿಕಿ ಔಷಧಿ ಶುರು ಮಾಡೀರೇನು?" ಇಡೀ ಬಸ್ಸು ನಕ್ಕಿತು. ಅವ್ವನೂ ನಕ್ಕಳು, ನಗುವಾಗ ನನ್ನ ಕಾಲು ಬಿಟ್ಟಳು. ನಾನು ಬಿದ್ದದ್ದು ಎತ್ತರದಿಂದಲ್ಲ, ಆದರೆ ಕೈಯಲ್ಲಿ ಟೊಂಗೆ ಇದ್ದದ್ದರಿಂದ ಚಿಗುರಿನ ಸಮೇತ ಬಿದ್ದೆ. "ಚಿಗುರು ಮಣ್ಣಾಗಲಿಲ್ಲಲ್ಲ?" ಎಂದು ಮೂವರೂ ಓಡಿ ಬಂದರು.

ಮನೆಗೆ ಬಂದು ಚಿಗುರನ್ನು ಮೊರದಲ್ಲಿ ಹರವಿ ಕಡ್ಡಿ ಆರಿಸುತ್ತ ಕೂತಾಗ ಅವ್ವ ಇದ್ದಕ್ಕಿದ್ದಂತೆ ಹೇಳಿದಳು. "ನಮ್ಮವ್ವ ಇದರಾಗ ಒಣ ಸೀಗಡಿ ಹಾಕಿ ಪಲ್ಯ ಮಾಡ್ತಿದ್ದಳು. ಬ್ಯಾಸಗ್ಯಾಗ ಹೊಳಿ ಸಣ್ಣ ಆಗ್ತಿತ್ತು. ಬಂಡಿಗಲ್ಲ ಮ್ಯಾಲ ಸೀಗಡಿ ಒಣಾ ಹಾಕ್ತಿದ್ವಿ, ಕಾಗಿ ಕಾಯಾಕ ನನ್ನ ಕೂಡಿಸ್ತಿದ್ದರು. ನಾ ಕಾಗಿಗಿಂತ ಹೆಚ್ಚು ತಿಂತಿದ್ದೆ." ನಕ್ಕಳು. ಆಮೇಲೆ, "ಈಗ ಆ ಸೀಗಡಿ ಎಲ್ಲಿ ಸಿಗ್ತಾವ" ಎಂದು ಮತ್ತೆ ಕಡ್ಡಿ ಆರಿಸತೊಡಗಿದಳು. ನಾನು ಅವಳ ಕೈಯಿಂದ ಜೀವಮಾನವಿಡೀ ಉಂಡಿದ್ದೇನೆ, ಈ ಪಲ್ಯದ ಹೆಸರನ್ನೇ ಕೇಳಿರಲಿಲ್ಲ.

ಅತ್ತೆಯವರು, "ಚಟ್ಲಿ ಬೇಕಾ? ನನ್ನ ಹತ್ರ ಅದೆ" ಎಂದರು.

"ಚಟ್ನಿ ಬ್ಯಾಡ್ರಿ, ಚಟ್ನಿ ನಮ್ಮಲ್ಲೇ ಮಸ್ತ್ ಅದ" ಎಂದಳು ಅವ್ವ.

"ಚಟ್ನಿ ಅಲ್ಲ, ಚಟ್ಲಿ!"

"ಅದs ಅಲ್ರಿ, ಚಟ್ನಿ!"

ಇಬ್ಬರೂ ನನ್ನ ಕಡೆ ತಿರುಗಿದರು. ನನಗೂ ಗೊತ್ತಿರಲಿಲ್ಲ. ಅತ್ತೆ ಎದ್ದು ಹೋಗಿ ಬಟ್ಟೆಯ ಚೀಲದ ತಳದಿಂದ ಒಂದು ಪೊಟ್ಟಣ ತಂದು ಅವ್ವನ ಮುಂದೆ ಬಿಚ್ಚಿದರು. ಬೆರಳಿನ ಉಗುರಿನಷ್ಟು, ಬಿಸಿಲಿಗೆ ಒಣಗಿದ ಕೆಂಪು ಸೀಗಡಿ. ಅವರ ಊರಿನಲ್ಲಿ ಅದಕ್ಕೆ ಚಟ್ಲಿ ಎನ್ನುತ್ತಾರಂತೆ. ಅವ್ವ ಒಂದು ಚಿಟಿಕೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಕಣ್ಣು ತೇವವಾಗಿತ್ತು. "ಅದs ವಾಸನಿ" ಎಂದಳು. ಅತ್ತೆಯವರು ಪೊಟ್ಟಣವನ್ನು ಅವಳ ಮಡಿಲಿಗೆ ಸರಿಸಿದರು.

ಸಂಧಾನ ಅಷ್ಟಕ್ಕೇ ಮುಗಿಯಿತು. ಒಲೆ ಹತ್ತಿಸಿದ ಕೂಡಲೆ ಜಗಳ ಶುರುವಾಯಿತು, ಆದರೆ ಈ ಸಲ ನೇರ ಜಗಳ. ಸೀಗಡಿ ಮೊದಲು ಹುರಿಯಬೇಕೋ ಚಿಗುರು ಮೊದಲು ಬಾಡಿಸಬೇಕೋ, ಈರುಳ್ಳಿ ಹೆಚ್ಚಬೇಕೋ ಜಜ್ಜಬೇಕೋ. "ಒಂಚೂರು ಕಾಯಿ ಹಾಕ್ವಾ?" "ಹಾಕಿ ನೋಡ್ರಿ, ನಾ ಶೇಂಗಾ ಪುಡಿ ಹಾಕ್ತೀನಿ." ಎರಡೂ ಬಿದ್ದವು. ನಾನು ಒಳಗೆ ಇಣುಕಿದೆ. "ನೀ ಹೊರಗ ಹೋಗು" ಎಂದಳು ಅವ್ವ. "ಹೌದು, ಹೊರಗೆ ಹೋಗಿ" ಎಂದರು ಅತ್ತೆ. ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ನಾನು.

ಬಿಸಿ ಜೋಳದ ರೊಟ್ಟಿಯ ಮೇಲೆ ಆ ಪಲ್ಯ ಹಾಕಿ ಶೈಲಾಳ ಮುಂದೆ ಇಟ್ಟರು. ಮೊದಲ ತುತ್ತು, ಎರಡನೆಯದು, ಮೂರನೆಯದು. ನಾವು ಮೂವರೂ ಉಸಿರು ಹಿಡಿದು ಅವಳ ಕೈ ನೋಡುತ್ತಿದ್ದೆವು. ನಾಲ್ಕನೆಯ ತುತ್ತೂ ಹೋಯಿತು. ಅವಳು ತಲೆಯೆತ್ತದೆ ಇಡೀ ರೊಟ್ಟಿ ತಿಂದಳು, ಬೆರಳು ನೆಕ್ಕಿದಳು, "ಇನ್ನೊಂದು ರೊಟ್ಟಿ ಹಾಕ್ರಿ" ಎಂದಳು. ನಮ್ಮ ಕಡೆಯ 'ರಿ' ಅವಳ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಅದೇ ಮೊದಲು. ಅವ್ವ ರೊಟ್ಟಿ ತರಲು ಎದ್ದವಳು ಅಡುಗೆಮನೆಯಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು. ಅತ್ತೆಯವರು ಸೆರಗಿನಿಂದ ಮುಖ ಒರೆಸಿಕೊಂಡು, ಸೆಖೆ ಬಹಳ ಎಂದರು.

ಆಮೇಲೆ ನನ್ನ ಸರದಿ. ಒಂದು ತುತ್ತು ಬಾಯಿಗಿಟ್ಟೆ. ನನ್ನ ಉದಾರ ನಾಲಗೆ ಜೀವನದಲ್ಲಿ ಮೊದಲ ಬಾರಿಗೆ ತಕರಾರು ತೆಗೆಯಿತು. ಅವ್ವ ಉಪ್ಪು ಹಾಕಿದ್ದಳು, ಅತ್ತೆಯವರೂ ಹಾಕಿದ್ದರು, ಸೀಗಡಿಯಲ್ಲಿ ಮೊದಲೇ ಇತ್ತು. "ಹೆಂಗಾಗ್ಯದ?" "ಹೇಗಾಗದೆ?" ಇಬ್ಬರೂ ಒಟ್ಟಿಗೆ ಕೇಳಿದರು. ಒಳಗಿದ್ದ ಔಷಧಿ ಅಂಗಡಿಯವನು ಎಚ್ಚರವಾದ. "ಚೆನ್ನಾಗಿದೆ. ಆದರೆ ಉಪ್ಪು ಜಾಸ್ತಿ. ಬಸುರಿಗೆ ಇಷ್ಟು ಉಪ್ಪು..." ಎಂದೆ.

"ಇಷ್ಟು ದಿನ ನಿನ್ನ ಅಂಗಡ್ಯಾಗಿನ ಡಬ್ಬಿಗಳಿಂದ ಒಂದು ತುತ್ತರ ಇಳೀತೇನು?" ಎಂದಳು ಅವ್ವ.

"ಎಲ್ಲದಕ್ಕೂ ಚೆನ್ನಾಗದೆ ಅಂತಿದ್ರಿ, ಇವತ್ತೇ ನಿಮಗೆ ರುಚಿ ಗೊತ್ತಾಯ್ತಾ?" ಎಂದರು ಅತ್ತೆ.

"ನಿಮಗೆ ಬೇಡಾದ್ರೆ ಈ ಕಡೆ ಕೊಡಿ" ಎಂದು ಶೈಲಾ ನನ್ನ ತಟ್ಟೆಯಲ್ಲಿದ್ದ ಪಲ್ಯವನ್ನೂ ಎಳೆದುಕೊಂಡಳು. ನಾನು ಮೊಸರನ್ನ ಉಂಡೆ. ಮರುದಿನದಿಂದ ಉಪ್ಪು ಕಡಿಮೆಯಾಯಿತು ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ಆದರೆ ಯಾರ ಮಾತಿನಿಂದ ಎಂದು ಯಾರೂ ಒಪ್ಪಲಿಲ್ಲ.

ಮುಂದಿನ ತಪಾಸಣೆಯಲ್ಲಿ ತೂಕ ಏರಿತ್ತು. ಡಾಕ್ಟರಮ್ಮ ನಕ್ಕರು. ಸೊಸೆ ಇಲ್ಲೇ ಉಳಿಯುತ್ತಾಳೆ, ಅವ್ವ ಗೆದ್ದಳು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ ಸಂಜೆ ಮನೆಗೆ ಬಂದರೆ, ಅವ್ವ ಟ್ರಂಕಿನಿಂದ ಸೀರೆ ತೆಗೆದು ಚೀಲಕ್ಕೆ ತುಂಬುತ್ತಿದ್ದಳು. ಪಕ್ಕದಲ್ಲಿ ನೆರಳಲ್ಲಿ ಒಣಗಿಸಿದ ಹುಣಸೆ ಚಿಗುರಿನ ಗಂಟು.

"ಎಲ್ಲಿಗೆ ಅವ್ವಾ?"

"ಅಂಕೋಲಾಕ್ಕ. ಎಲ್ಲಾರೂ ಹೊಂಟೀವಿ. ಡಾಕ್ಟರಮ್ಮನೂ ಹೂಂ ಅಂದಾರ. ಸೀಗಡಿ ಅಲ್ಲಿ ತಾಜಾ ಸಿಗ್ತಾವಂತ, ಚಿಗುರು ನಾ ಒಯ್ತೀನಿ. ನನ್ನ ಕೈ ಇಲ್ಲಂದ್ರ ಅಕಿಗೆ ಇಳಿಯೂದಿಲ್ಲ, ಅವರ ಕೈ ಇಲ್ಲಂದ್ರೂ ಇಳಿಯೂದಿಲ್ಲ. ಕುಬಸ ಅಲ್ಲೇ ಮಾಡೂಣು. ನೀ ಅಂಗಡಿ ನೋಡ್ಕೊ."

ಬಸ್ಸು ಹತ್ತಿಸುವಾಗ ಶೈಲಾ ನನ್ನ ಕೈ ಹಿಡಿದು, "ಬೇಗ ಬನ್ನಿ" ಎಂದಳು. ಅವ್ವನೂ ಅತ್ತೆಯೂ ಕಿಟಕಿಯ ಸೀಟಿಗಾಗಿ ವಾದ ಮಾಡುತ್ತಿದ್ದರಿಂದ ನನಗೆ ಕೈ ಬೀಸುವುದನ್ನು ಮರೆತರು.

ಹೊಳೆಯ ದಂಡೆಯಲ್ಲಿ ಹುಟ್ಟಿ ವಯಸ್ಸಾದ ಅವ್ವ ಕಡಲು ನೋಡಿದ್ದು ಅದೇ ಮೊದಲು. ಅಲ್ಲಿಂದ ಫೋನು ಮಾಡಿ ಕೂಗಿದಳು: "ಏ, ಇದಕ್ಕ ಆಚಿ ದಂಡಿನೇ ಇಲ್ಲಪಾ!" ಒಂದು ವಾರದಲ್ಲಿ ಅವಳ ಮಾತೇ ಬದಲಾಯಿತು. ನಾನು ಇಲ್ಲಿ ಮಾಡಿಕೊಂಡ ಬೇಳೆ ಸಾರಿನ ವಿಷಯ ಹೇಳಿದರೆ, "ಕಾಯಿ ಹಾಕೀಯೋ ಇಲ್ಲೋ? ಕಾಯಿ ಇಲ್ದs ಅದೇನ್ ಸಾರೋ" ಎಂದಳು. ಹಿಂದಿನಿಂದ ಅತ್ತೆಯವರ ಧ್ವನಿ ಬಂತು: "ಶೇಂಗಾ ಪುಡಿ ಹಾಕಲಿಕ್ಕೆ ಹೇಳಿ, ರುಚಿ ಬರ್ತದೆ."

ಈಗ ನಾನೊಬ್ಬನೇ. ಮೊನ್ನೆ ಭಾನುವಾರ ಅಂಗಡಿ ಮುಚ್ಚಿ, ಸುರಪುರದ ರಸ್ತೆಗೆ ಹೋಗಿ, ಯಾರೂ ಕಾಲು ಹಿಡಿಯದೆಯೇ ಸ್ಕೂಟರಿನ ಮೇಲೆ ನಿಂತು ಚಿಗುರು ಕಿತ್ತು ತಂದೆ. ಅತ್ತೆ ಬಿಟ್ಟುಹೋದ ಸೀಗಡಿ ಹುರಿದೆ. ಕಾಯಿ ಹಾಕಿದೆ, ಶೇಂಗಾ ಹಾಕಿದೆ, ಉಪ್ಪನ್ನು ಅಳೆದು ಹಾಕಿದೆ. ಬಂದ ಬಣ್ಣ ನೋಡಿ ನನಗೇ ಹೆಮ್ಮೆಯಾಯಿತು. ತಟ್ಟೆಯ ಅಂಚು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದು ಅಂಕೋಲೆಗೆ ಕಳಿಸಿದೆ. ಆಮೇಲೆ ರುಚಿ ನೋಡಿದೆ. ಮತ್ತೊಂದು ತುತ್ತು ತಿನ್ನುವ ಧೈರ್ಯವಾಗದೆ ಫೋನು ಹಿಡಿದು ಕಾದೆ. ಮೂವರೂ ನೋಡಿದರು ಎಂದು ಫೋನು ತೋರಿಸಿತು, ಆದರೆ ಉತ್ತರ ಬರಲಿಲ್ಲ. ಬಹಳ ಹೊತ್ತಾದ ಮೇಲೆ ನಾನೇ ಫೋನು ಮಾಡಿ, ಆದಷ್ಟು ಸಹಜವಾಗಿ ಕೇಳಿದೆ: "ಹೆಂಗಾಗ್ಯದ?"

ಆ ಕಡೆ ಮೂರೂ ಜನ ಪಿಸುಗುಟ್ಟಿ ಚರ್ಚೆ ಮಾಡುವುದು ಕೇಳಿಸಿತು. ಕಡೆಗೆ ಅವ್ವ ಗಂಟಲು ಸರಿಮಾಡಿಕೊಂಡು ಹೇಳಿದಳು:

"ಫೋಟೋ ಭಾಳ ಚಲೋ ಬಂದದ."